ಕಾರ್ ಒರೆಸೋ ಮೈಕ್ರೋಫೈಬರ್ ಟವೆಲ್ ನೀರು ಹೀರ್ತಿಲ್ವಾ? ಬಿಸಾಕೋ ಮುಂಚೆ ಹೀಗೆ ಒಗೆದು ನೋಡಿ

ಹೊಸದಾಗಿ ತಂದಾಗ ಬಾನೆಟ್ ಮೇಲೆ ಹಾಸಿ ಸುಮ್ನೆ ಎಳೆದ್ರೆ ಸಾಕು, ಒಂದು ಹನಿ ಉಳೀತಿರ್ಲಿಲ್ಲ. ಕೆಲವು ತಿಂಗಳಾದ್ಮೇಲೆ ಅದೇ ಟವೆಲ್ಲು ನೀರನ್ನ ಆ ಕಡೆಯಿಂದ ಈ ಕಡೆಗೆ ತಳ್ತಾ ಇರುತ್ತೆ, ಗಾಜಿನ ಮೇಲೆ ಗೆರೆ ಬೇರೆ ಬಿಡುತ್ತೆ. ಟವೆಲ್ ಹೋಯ್ತು ಅಂತ ಜನ ಅದನ್ನ ಬಿಸಾಕಿ ಇನ್ನೊಂದು ಆರ್ಡರ್ ಮಾಡ್ಬಿಡ್ತಾರೆ. ಎಷ್ಟೋ ಸಲ ಟವೆಲ್ ಸವೆದಿರೋದೇ ಇಲ್ಲ, ಎಳೆಗಳ ಸಂದಿಯಲ್ಲಿ ಏನೋ ತುಂಬ್ಕೊಂಡಿರುತ್ತೆ: ಸೋಪಿನ ಜಿಡ್ಡು, ಬೋರ್‌ವೆಲ್ ನೀರಿನ ಸುಣ್ಣ, ಫ್ಯಾಬ್ರಿಕ್ ಕಂಡೀಷನರ್, ವ್ಯಾಕ್ಸು. ಇವನ್ನ ತೆಗೆದ್ರೆ ಮತ್ತೆ ಹೀರೋಕೆ ಶುರು ಮಾಡುತ್ತೆ.

ಮೊದ್ಲು ಬಟ್ಟೆ ಹೇಗಿದೆ ಅಂತ ಸ್ವಲ್ಪ ತಿಳ್ಕೊಂಡ್ರೆ ಮುಂದಿನದೆಲ್ಲ ಸಲೀಸು. ಇದು ಹತ್ತಿ ಅಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯಮೈಡ್ ಅಂದ್ರೆ ನೈಲಾನ್ ಸೇರಿಸಿ ಮಾಡಿರೋದು, ಲೇಬಲ್ ನೋಡಿದ್ರೆ 80/20 ಅಂತಲೋ 70/30 ಅಂತಲೋ ಇರುತ್ತೆ. ಒಂದೊಂದು ಎಳೆಯೂ 1 ಡೀನಿಯರ್‌ಗಿಂತ ಸಣ್ಣ, ಅಂದ್ರೆ 9000 ಮೀಟರ್ ಉದ್ದದ ಎಳೆ ತೂಗಿದ್ರೂ ಒಂದು ಗ್ರಾಂ ಬರಲ್ಲ. ಒಳ್ಳೇ ಟವೆಲ್‌ಗಳಲ್ಲಿ ಈ ಎಳೆಯನ್ನೂ ಮತ್ತೆ ಸೀಳಿರ್ತಾರೆ, ಆ ಸೀಳುಗಳ ಮಧ್ಯೆ ಇರೋ ಜಾಗದಲ್ಲೇ ನೀರು ಹೋಗಿ ನಿಲ್ಲೋದು. ಒಣಗಿರೋ ಅಂಗೈಗೆ ಟವೆಲ್ ಉಜ್ಜಿದಾಗ ಚರ್ಮ ಹಿಡಿದು ಎಳೆದಂಗೆ ಆಗುತ್ತಲ್ಲ, ಅದು ಇದರಿಂದಾನೇ, ಅದು ಒಳ್ಳೇ ಲಕ್ಷಣ. ಆ ಹಿಡಿತ ಹೋಗಿ ನುಣ್ಣಗೆ ಜಾರ್ತಿದ್ರೆ ಸಂದಿ ಮುಚ್ಚಿದೆ ಅಂತ ಅರ್ಥ. ಇನ್ನೊಂದು ಪರೀಕ್ಷೆ ಬೇಕಾದ್ರೆ ಅಡುಗೆಮನೆ ಗ್ರಾನೈಟ್ ಮೇಲೆ ಅರ್ಧ ಲೋಟ ನೀರು ಚೆಲ್ಲಿ, ಟವೆಲ್ ಹಾಸಿ, ಒತ್ತದೆ ಎರಡು ಮೂಲೆ ಹಿಡಿದು ಎಳೀರಿ, ಹಿಂದೆ ನೀರಿನ ಪಟ್ಟಿ ಉಳಿದ್ರೆ ಒಗೆಯೋ ಕೆಲಸ ಇದೆ.

ನಮ್ ಕಡೆ ಇದಕ್ಕೆ ದೊಡ್ಡ ಶತ್ರು ಬಾರ್ ಸೋಪು ಮತ್ತೆ ಬೋರ್ ನೀರು, ಎರಡೂ ಸೇರಿದ್ರೆ ಇನ್ನೂ ಕಷ್ಟ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಸೋಪಿನ ಜೊತೆ ಕೂಡಿ ನೀರಲ್ಲಿ ಕರಗದೇ ಇರೋ ಒಂಥರಾ ಬಿಳೀ ಜಿಡ್ಡಾಗುತ್ತೆ, ಬಕೆಟ್ ಅಂಚಲ್ಲಿ ಉಂಗುರದ ಥರ ಅಂಟ್ಕೊಂಡಿರುತ್ತಲ್ಲ ಅದೇ, ಅದು ಹೋಗಿ ಎಳೆಗಳ ಮಧ್ಯೆ ಕೂತ್ಕೊಂಡ್ರೆ ಎಷ್ಟು ನೀರು ಸುರಿದು ಜಾಲಿಸಿದ್ರೂ ಹೋಗಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆಯವ್ರಿಗೆ, ಬೆಂಗ್ಳೂರಲ್ಲಿ ಟ್ಯಾಂಕರ್ ನೀರು ನಂಬ್ಕೊಂಡಿರೋ ಅಪಾರ್ಟ್‌ಮೆಂಟಿನವ್ರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ, ಟವೆಲ್ ಒಣಗಿದ್ಮೇಲೆ ಹಪ್ಪಳದ ಥರ ಗಟ್ಟಿ ನಿಂತ್ಕೊಳುತ್ತೆ. ಕಾವೇರಿ ನೀರು ಬರೋ ಮನೇಲಿ ಈ ಗೋಳು ಕಮ್ಮಿ. ಅದಕ್ಕೇ ಬಾರ್ ಸೋಪು ಮುಟ್ಲೇಬೇಡಿ, ಲಿಕ್ವಿಡ್ ಡಿಟರ್ಜೆಂಟ್ ಬಳಸಿ. ಪೌಡರ್ ಬಿಟ್ರೆ ಬೇರೆ ಇಲ್ಲ ಅಂದ್ರೆ ಮೊದ್ಲು ಒಂದು ಮಗ್ ಬೆಚ್ಚಗಿನ ನೀರಲ್ಲಿ ಪೂರ್ತಿ ಕರಗಿಸಿ ಆಮೇಲೆ ಹಾಕಿ, ಕರಗದ ಕಾಳು ಎಳೇಲಿ ಉಳ್ಕೊಂಡ್ರೆ ಅದೇ ನಾಳೆ ಪೇಂಟ್ ಮೇಲೆ ಉಜ್ಜುತ್ತೆ.

ಇನ್ನು ಫ್ಯಾಬ್ರಿಕ್ ಕಂಡೀಷನರ್. ಬಟ್ಟೆ ಮೆತ್ತಗಾಗ್ಲಿ, ಘಮ ಘಮ ಅನ್ಲಿ ಅಂತ ಮನೇಲಿ ಎಲ್ಲದಕ್ಕೂ ಒಂದು ಮುಚ್ಚಳ ಹಾಕೋ ಅಭ್ಯಾಸ ಇರುತ್ತೆ. ಅದು ಕೆಲಸ ಮಾಡೋದೇ ಎಳೆ ಮೇಲೆ ಜಿಡ್ಡಿನ ತೆಳು ಪದರ ಬಿಟ್ಟು, ಸೀರೆಗೆ ಶರ್ಟಿಗೆ ಅದು ಸರಿ, ನೀರು ಹೀರಬೇಕಾದ ಟವೆಲ್‌ಗೆ ಅದೇ ವಿಷ. ಬ್ಲೀಚೂ ಬೇಡ, ಕ್ಲೋರಿನ್ ನೈಲಾನನ್ನ ತಿನ್ನುತ್ತೆ.

ಕೈಯಲ್ಲಿ ಒಗೆಯೋದೇ ನಂಗೆ ಇಷ್ಟ, ಯಾಕಂದ್ರೆ ಏನು ಬಿಡ್ತಾ ಇದೆ ಅಂತ ಕಣ್ಣಿಗೆ ಕಾಣುತ್ತೆ, ಬೆರಳಿಗೆ ಗೊತ್ತಾಗುತ್ತೆ. ಮೊದ್ಲು ಒಣ ಟವೆಲ್ ಹೊರಗಡೆ ಚೆನ್ನಾಗಿ ಕೊಡವಿ. ಬಕೆಟ್‌ಗೆ ಉಗುರು ಬೆಚ್ಚಗಿನ ನೀರು ತಗೊಳ್ಳಿ, 40 ಡಿಗ್ರಿ ಸಾಕು, ಗೀಸರ್ ನೀರು ಹಾಗೇ ಸುರೀಬೇಡಿ, ತಣ್ಣೀರು ಬೆರೆಸಿ ಕೈ ಆರಾಮಾಗಿ ಇಡೋ ಹಾಗಿರ್ಬೇಕು. ಒಂದು ಚಮಚದಷ್ಟು ಲಿಕ್ವಿಡ್ ಹಾಕಿ ಇಪ್ಪತ್ತು ನಿಮಿಷ ನೆನೆಯೋಕೆ ಬಿಡಿ, ಆಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ಬಿಡ್ತಾ ಬನ್ನಿ, ಹಿಟ್ಟು ನಾದೋ ಹಾಗೆ ತಿರುಚೋದೂ ಬೇಡ, ಒಗೆಯೋ ಕಲ್ಲಿಗೆ ಬಡಿಯೋದಂತೂ ಬೇಡ್ವೇ ಬೇಡ, ಬ್ರಷ್ ಹಾಕಿದ್ರೆ ಕುಣಿಕೆಗಳೆಲ್ಲ ಕಿತ್ತು ಬರುತ್ತೆ. ನೀರು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿದ್ರೆ ಚೆಲ್ಲಿ ಮತ್ತೆ ಹೊಸ ನೀರು ತಗೊಳ್ಳಿ. ಜಾಲಿಸೋವಾಗ ನೊರೆ ನಿಂತ್ರೆ ಸಾಲದು, ಹಿಂಡಿದಾಗ ಬೆರಳ ಮಧ್ಯೆ ಲೋಳೆ ಲೋಳೆ ಅನ್ನೋದು ನಿಲ್ಬೇಕು. ಅಲ್ಲಿವರೆಗೂ ಜಾಲಿಸ್ತಾನೇ ಇರಿ.

ಇಷ್ಟಾದ್ರೂ ಗ್ರಾನೈಟ್ ಪರೀಕ್ಷೇಲಿ ಫೇಲ್ ಆಗ್ತಿದ್ರೆ ಸುಣ್ಣ ಕೂತಿದೆ ಅಂತ ಇಟ್ಕೊಳ್ಳಿ. ಅರ್ಧ ಬಕೆಟ್ ನೀರಿಗೆ ಅರ್ಧ ಕಪ್ ಬಿಳೀ ವಿನಿಗರ್, ಕಿರಾಣಿ ಅಂಗಡೀಲಿ ಸಿಗೋ ಮಾಮೂಲಿದೇ ಸಾಕು, ಅದಿಲ್ಲಾಂದ್ರೆ ಒಂದು ಟೀ ಚಮಚ ಸಿಟ್ರಿಕ್ ಆಸಿಡ್, ಅರ್ಧ ಗಂಟೆ ನೆನೆಸಿ, ಆಮೇಲೆ ಸಿಕ್ಕಿದ್ರೆ ಯಾವ ಮೆದು ನೀರಾದ್ರೂ ಸರಿ, ಮಳೆನೀರಾದ್ರೆ ಇನ್ನೂ ಚೆನ್ನ, ಅದ್ರಲ್ಲಿ ಜಾಲಿಸಿ, ಕುಡಿಯೋ ನೀರಿನ ಆರ್‌ಓ ಫಿಲ್ಟರ್ ಹೊರಗೆ ಬಿಡೋ ವೇಸ್ಟ್ ನೀರು ಮಾತ್ರ ಬೇಡ. ಆರ್‌ಓ ವೇಸ್ಟ್ ನೀರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ ಇರುತ್ತೆ, ಅದನ್ನ ಕಾರ್ ತೊಳೆಯೋಕೂ ಬಳಸಬೇಡಿ, ಕಲೆ ಬೀಳುತ್ತೆ. ವಿನಿಗರ್ ಇರೋ ಬಕೆಟ್‌ಗೆ ಬ್ಲೀಚ್ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಅದು ಅಪಾಯ. ವ್ಯಾಕ್ಸೋ ಎಣ್ಣೆಯೋ ತಗುಲಿದ್ರೆ ವಿನಿಗರ್ ಕೆಲಸ ಮಾಡಲ್ಲ, ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಹಾಕಿ ನೆನೆಸ್ಬೇಕು, ನೊರೆ ಜಾಸ್ತಿ ಬರುತ್ತೆ, ತಾಳ್ಮೆಯಿಂದ ಜಾಲಿಸಿ.

ಮಷೀನಿಗೆ ಹಾಕೋರು ಮೈಕ್ರೋಫೈಬರ್‌ಗಳನ್ನ ಮಾತ್ರ ಒಟ್ಟಿಗೆ ಹಾಕಿ. ಹತ್ತಿ ಟವೆಲ್, ಬನಿಯನ್ ಜೊತೆ ಹಾಕಿದ್ರೆ ಅದರ ನಾರೆಲ್ಲ ಇದಕ್ಕೇ ಅಂಟಿ ಕಪ್ಪು ಕಾರ್ ಮೇಲೆ ಬಿಳೀ ಧೂಳಾಗಿ ಉದುರುತ್ತೆ. ಜಿಪ್ಪು, ಹುಕ್ಕು, ವೆಲ್ಕ್ರೋ ಇರೋ ಬಟ್ಟೆಗಳೂ ಬೇಡ, ಟ್ವಿಸ್ಟೆಡ್ ಲೂಪ್, ಅಂದ್ರೆ ಹುರಿ ಮಾಡಿದ ಕುಣಿಕೆಗಳಿರೋ ಟವೆಲ್ ಆದ್ರೆ ಕುಣಿಕೆ ಸಿಕ್ಕಾಕೊಂಡು ಉದ್ದಕ್ಕೆ ದಾರ ಬರುತ್ತೆ. ಹಾಗೆ ಬಂದಿದ್ರೆ ಎಳೀಬೇಡಿ, ಕತ್ತರೀಲಿ ಬುಡಕ್ಕೆ ಕತ್ತರಿಸಿ. ಕಂಡೀಷನರ್ ಹಾಕೋ ಡ್ರಾಯರ್ ಒಮ್ಮೆ ತೊಳೆದು, ಸಿಂಥೆಟಿಕ್ ಮೋಡು, 30 ಇಲ್ಲ 40 ಡಿಗ್ರಿ, ಎಕ್ಸ್‌ಟ್ರಾ ರಿನ್ಸ್ ಆನ್ ಮಾಡಿ.

ಒಣಗಿಸೋದು ನೆರಳಲ್ಲಿ, ಗಾಳಿ ಆಡೋ ಕಡೆ. ದಪ್ಪ ಟವೆಲ್ ನೀರು ಹಿಡ್ಕೊಂಡು ಭಾರ ಆಗಿರುತ್ತೆ, ಒಂದೇ ಕ್ಲಿಪ್‌ಗೆ ನೇತು ಹಾಕಿದ್ರೆ ಜೋಲುತ್ತೆ, ಎರಡು ಹಗ್ಗದ ಮೇಲೆ ಹಾಸಿ. ಮಧ್ಯಾಹ್ನದ ಬಿಸಿಲಲ್ಲಿ ದಿನಗಟ್ಟಲೆ ಬಿಟ್ರೆ ನೈಲಾನ್ ಬಲ ಕಳ್ಕೊಳುತ್ತೆ. ಡ್ರೈಯರ್ ಇದ್ರೆ ಲೋ ಹೀಟ್ ಮಾತ್ರ. ಇಸ್ತ್ರಿ ಪೆಟ್ಟಿಗೆ ಹತ್ರಾನೂ ತರಬೇಡಿ, ಈ ಸಣ್ಣ ಎಳೆಗಳ ತುದಿ ಬಿಸಿಗೆ ಕರಗಿ ಗಟ್ಟಿಯಾದ್ರೆ ಅದನ್ನ ಮತ್ತೆ ಸರಿ ಮಾಡೋಕಾಗಲ್ಲ, ಗೀರು ಬೀಳೋದು ಗ್ಯಾರಂಟಿ. ಮಲೆನಾಡು, ಕರಾವಳಿಯಲ್ಲಿ ಆಷಾಢದಲ್ಲಿ ಒಣಗೋದೇ ದೊಡ್ಡ ಕೆಲಸ, ಅಲ್ಲಿ ಮಷೀನಲ್ಲಿ ಎರಡು ಸಲ ಸ್ಪಿನ್ ಮಾಡಿ ಫ್ಯಾನ್ ಕೆಳಗೆ ಹಾಸಿ, ಒದ್ದೆ ವಾಸನೆ ಆಗ್ಲೇ ಬಂದಿದ್ರೆ ವಿನಿಗರ್ ನೀರಲ್ಲಿ ಮತ್ತೊಮ್ಮೆ ನೆನೆಸಿ ಒಗೀರಿ.

ಬಳಸೋ ರೀತೀಲೂ ಅರ್ಧ ಆಯಸ್ಸು ಇದೆ. ಕಾರ್ ಪೂರ್ತಿ ತೊಳೆದಾದ್ಮೇಲೆ ಪೈಪಿನ ನಳಿಕೆ ತೆಗೆದು ನೀರನ್ನ ಮೇಲಿಂದ ನಿಧಾನಕ್ಕೆ ಹರಿಯೋಕೆ ಬಿಡಿ, ಹನಿಗಳೆಲ್ಲ ಒಟ್ಟಿಗೆ ಜಾರಿ ಇಳಿದ್ಬಿಡುತ್ತೆ, ಟವೆಲ್‌ಗೆ ಉಳಿಯೋ ಕೆಲಸ ಸ್ವಲ್ಪಾನೇ. ಒರೆಸೋ ಮುಂಚೆ ಟವೆಲ್ ಒಂಚೂರು ತೇವ ಮಾಡ್ಕೊಂಡ್ರೆ ಬೇಗ ಹೀರುತ್ತೆ. ರೂಫಿಂದ ಶುರು ಮಾಡಿ ಕೆಳಗೆ ಬನ್ನಿ, ಬಾಗಿಲ ಕೆಳಭಾಗ, ವ್ಹೀಲು, ಟೈರಿಗೆ ಬೇರೆ ಹಳೇ ಬಟ್ಟೆ ಇರ್ಲಿ. ಒಂದು ಮಾತು ಮಾತ್ರ ದಯವಿಟ್ಟು ಪಾಲಿಸಿ: ಟವೆಲ್ ನೆಲಕ್ಕೆ ಬಿತ್ತಾ, ಕೊಡವಿ ಮತ್ತೆ ಪೇಂಟ್ ಮೇಲೆ ಇಡಬೇಡಿ. ನಮ್ಮ ಮಣ್ಣಲ್ಲಿರೋ ಮರಳು ಪೇಂಟಿನ ಮೇಲಿನ ಕ್ಲಿಯರ್ ಕೋಟ್‌ಗಿಂತ ಗಟ್ಟಿ, ಎಳೆ ಅದನ್ನ ಭದ್ರವಾಗಿ ಹಿಡ್ಕೊಂಡಿರುತ್ತೆ, ಬಿಸಿಲಲ್ಲಿ ನೋಡಿದಾಗ ಕಾಣೋ ಸುತ್ತು ಸುತ್ತು ಗೀರುಗಳು ಎಷ್ಟೋ ಸಲ ಹೀಗೇ ಬಂದಿರೋದು.

ಹೊಸ ಟವೆಲ್ ತಂದಾಗ್ಲೂ ಒಮ್ಮೆ ಒಗೆದೇ ಬಳಸಿ, ಸಡಿಲ ನಾರು, ಹೆಚ್ಚಿನ ಬಣ್ಣ ಹೋಗುತ್ತೆ, ಕೆಂಪು ನೀಲಿ ಇದ್ರೆ ಬೇರೆಯಾಗೇ ಒಗೀರಿ, ಅಂಚಲ್ಲಿ ಹೊಲಿದಿರೋ ಲೇಬಲ್ ಕತ್ತರಿಸಿ ತೆಗೀರಿ. ಕೆಲಸ ಆದ್ಮೇಲೆ ಒದ್ದೆ ಟವೆಲ್ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಡಿಕ್ಕೀಲಿ ಮರೆತ್ರೆ ಎರಡೇ ದಿನಕ್ಕೆ ನಾರುತ್ತೆ. ಪೂರ್ತಿ ಒಣಗಿದ್ಮೇಲೆ ಮುಚ್ಚಳ ಇರೋ ಡಬ್ಬೀಲಿ ಇಡಿ, ಪೇಂಟಿಗೆ ಒಂದು ಬಣ್ಣ, ಗಾಜಿಗೆ ಒಂದು, ಒಳಗಡೆಗೆ ಒಂದು ಅಂತ ಮಾಡ್ಕೊಂಡ್ರೆ ಮನೇಲಿ ಯಾರು ಒರೆಸಿದ್ರೂ ಗೊಂದಲ ಆಗಲ್ಲ. ವಿನಿಗರ್ರಿಗೂ ಬಗ್ಗದೆ ಗಟ್ಟಿಯಾಗೇ ಇದ್ರೆ, ಇಲ್ಲ ಎಳೇಲಿ ಸಿಕ್ಕಿರೋ ಕಡ್ಡಿ ಕಸ ಬರ್ತಾನೇ ಇಲ್ಲ ಅಂದ್ರೆ ಅದನ್ನ ಪೇಂಟಿಂದ ಇಳಿಸಿ ಬಾಗಿಲ ಸಂದಿಗೆ ಹಾಕಿ, ಆಮೇಲೆ ವ್ಹೀಲಿಗೆ, ಕೊನೆಗೆ ಇಂಜಿನ್ ಒರೆಸೋಕೆ, ಗುರುತಿಗೆ ಒಂದು ಮೂಲೆ ಕತ್ತರಿಸಿಡಿ.