ಮನೆಪಾಠದಲ್ಲಿ ಇತಿಹಾಸ: ಶುರು ಮಾಡೋಕೆ ಒಂದು ಹಗ್ಗ ಸಾಕು

ನನ್ನ ಮಗಳಿಗೆ ಐದು ವರ್ಷ ಇದ್ದಾಗ ಒಂದಿನ "ಅಜ್ಜಿ ಚಿಕ್ಕವಳಿದ್ದಾಗ ಡೈನೋಸಾರ್ ನೋಡಿದ್ಳಾ?" ಅಂತ ಕೇಳಿದ್ಳು. ಆವತ್ತು ನನಗೆ ಅರ್ಥ ಆಯ್ತು, ಈ ವಯಸ್ಸಿನವರಿಗೆ ಹಿಂದೆ ಆಗಿದ್ದೆಲ್ಲಾ ಒಂದೇ ಗಂಟು, ಮೊನ್ನೆಯ ಬರ್ತ್‌ಡೇ, ಅಜ್ಜಿ ಕಾಲ, ಪಿರಮಿಡ್ ಕಾಲ ಎಲ್ಲಾ ಅದರೊಳಗೇ. ಹಾಗಿರುವಾಗ ಇಸವಿ, ರಾಜರ ಹೆಸರು ಬಾಯಿಪಾಠ ಮಾಡಿಸಿ ಏನು ಪ್ರಯೋಜನ ಹೇಳಿ? ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸೋ ಹೋಮ್‌ಸ್ಕೂಲಿಂಗ್‌ನಲ್ಲಿ ಪರೀಕ್ಷೆಯ ಅವಸರ ಇಲ್ಲ, ಮೊದಲು ಆ ಗಂಟು ಬಿಡಿಸೋಕೆ ಟೈಮ್ ಕೊಡಿ.

ಮೊದಲನೇ ವಾರ ಮಗುವಿನದ್ದೇ ಇತಿಹಾಸ. ಹುಟ್ಟಿದಾಗಿನ ಫೋಟೋ, ಈಗ ಹಿಡಿಸದ ಪುಟಾಣಿ ಅಂಗಿ, ಲಸಿಕೆ ಕಾರ್ಡ್, ಮೊದಲು ಗೀಚಿದ ಚಿತ್ರ, ಎಲ್ಲಾ ನೆಲದ ಮೇಲೆ ಹರಡಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಅವರೇ ಜೋಡಿಸಲಿ. ನಡುವೆ ಮೆಲ್ಲಗೆ ಕೇಳಿ, "ನೀನು ಇಷ್ಟು ಚಿಕ್ಕವಳಿದ್ದೆ ಅಂತ ನಿನಗೆ ನೆನಪಿಲ್ವಲ್ಲ, ಮತ್ತೆ ಹೇಗೆ ಗೊತ್ತಾಯ್ತು?" ಅಂತ. ಅಂಗಿ ಎತ್ತಿ ತೋರಿಸಿದ್ರೆ ಅದೇ ಸಾಕ್ಷಿ, ಆ ಪದಾನೂ ಆಗಲೇ ಹೇಳಿಕೊಡಿ.

ಆಮೇಲೆ ಮನೆ ಹಿರಿಯರನ್ನ ಮಾತಾಡಿಸೋದು. ಮೂರೇ ಪ್ರಶ್ನೆ ಸಾಕು: ಏನು ಆಟ ಆಡ್ತಿದ್ರಿ, ಕತ್ತಲಾದ್ರೆ ದೀಪ ಯಾವುದು, ದೂರದವರಿಗೆ ಸುದ್ದಿ ಹೇಗೆ ಕಳಿಸ್ತಿದ್ರಿ. ಫೋನಲ್ಲಿ ರೆಕಾರ್ಡ್ ಮಾಡಿ ತಾರೀಖು ಹಾಕಿಡಿ.

ಈಗ ಹಗ್ಗ. ಇದನ್ನ ಬಿಡಲೇಬೇಡಿ. ಐದು ಮೀಟರ್ ಹಗ್ಗ ತಗೊಂಡು ಗೋಡೆಗುಂಟ ಕಟ್ಟಿ, ಒಂದು ತುದಿ ಇವತ್ತು, ಒಂದು ಸೆಂಟಿಮೀಟರ್ ಅಂದ್ರೆ ಹತ್ತು ವರ್ಷ. ಆರು ವರ್ಷದ ಮಗು ಒಂದು ಸೆಂಟಿಮೀಟರೂ ಆಗಲ್ಲ, ಎಪ್ಪತ್ತರ ಅಜ್ಜಿ ಏಳು ಸೆಂಟಿಮೀಟರ್, ಅಲ್ಲೊಂದು ಗಂಟು ಹಾಕಿ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಿದ್ದು ಅಜ್ಜಿಯ ಗಂಟಿಗಿಂತ ಈಚೆಗೇ ಬರುತ್ತೆ. ಈಜಿಪ್ಟಿನ ದೊಡ್ಡ ಪಿರಮಿಡ್ ಕಟ್ಟಿ ಸುಮಾರು 4500 ವರ್ಷ, ಅಂದ್ರೆ ನಾಲ್ಕೂವರೆ ಮೀಟರ್ ನಡ್ಕೊಂಡು ಹೋಗ್ಬೇಕು, ಹಗ್ಗ ಹೆಚ್ಚುಕಮ್ಮಿ ಮುಗಿದೇ ಹೋಯ್ತು. ಇನ್ನು ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯ್ತಲ್ಲ, ಅವು ಬೇಕು ಅಂದ್ರೆ ಈ ಹಗ್ಗ 66 ಕಿಲೋಮೀಟರ್ ಎಳೀಬೇಕು! ಇದನ್ನ ಕೇಳಿ ನನ್ನ ಮಗಳು ಸ್ವಲ್ಪ ಹೊತ್ತು ಬಾಗಿಲಾಚೆ ನೋಡ್ತಾ ನಿಂತ್ಳು, ಆಮೇಲೆ ವಾಪಸ್ ಬಂದು ಎರಡು ಬೆರಳಿಟ್ಟು ಅಳೆದು "ಅಜ್ಜಿ ನನ್ನ ಪಕ್ಕದಲ್ಲೇ ಇದಾಳೆ" ಅಂದ್ಳು.

ಕತೆಗಳು ಬರೋದು ಇದಾದ್ಮೇಲೆ. ತಿಂಗಳಿಗೆ ಒಂದೇ ಜಾಗ ಆರಿಸ್ಕೊಳ್ಳಿ. ನನಗೆ ಇಟಲಿಯ ಹಳೇ ರೋಮನ್ ಊರು ಪಾಂಪೇ ಇಷ್ಟ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಊರೇ ಬೂದಿಯಡಿ ಮುಚ್ಚಿಹೋಯ್ತು, ಹಗ್ಗದ ಮೇಲೆ ಎರಡು ಮೀಟರ್‌ಗೆ ಸ್ವಲ್ಪ ಕಮ್ಮಿ. ಅಲ್ಲಿ ಎಂಟು ಹೋಳಿನ ಗುರುತಿರೋ ದುಂಡನೆ ಬ್ರೆಡ್ಡುಗಳು ಕರಕಲಾಗಿ ಸಿಕ್ಕಿವೆ. ಅದರ ಫೋಟೋ ತೋರಿಸಿ, ಎಷ್ಟು ಜನ ತಿಂತಿದ್ರು ಅಂತ ಅವರೇ ಊಹಿಸಲಿ. ಖಚಿತವಾಗಿ ಗೊತ್ತಿರೋದಕ್ಕೆ "ಗೊತ್ತು" ಅನ್ನಿ, ಊಹೆಗೆ "ಇರಬಹುದು" ಅನ್ನಿ, ಈ ಎರಡನ್ನೂ ಬೆರೆಸಬೇಡಿ.

ಜನ ಸತ್ತೋದ್ರಾ ಅಂತ ಕೇಳೇ ಕೇಳ್ತಾರೆ. ಹೌದು, ತುಂಬಾ ಜನ ಸತ್ರು, ಕೆಲವರು ತಪ್ಪಿಸ್ಕೊಂಡ್ರು ಅಂತ ನೇರವಾಗಿ ಹೇಳಿ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ, ಮಲಗೋ ಹೊತ್ತಲ್ಲಿ ಬೇಡ.

ಕೊನೆಗೆ ಕೈಕೆಲಸ. ಪಾಂಪೇಯ ಗಟ್ಟಿ ಬೂದಿಯಲ್ಲಿ ದೇಹಗಳು ಕೊಳೆತು ಹೋಗಿ ಖಾಲಿ ಜಾಗ ಉಳಿದಿತ್ತು, 1863ರಲ್ಲಿ ಪುರಾತತ್ವ ತಜ್ಞ ಜ್ಯೂಸೆಪ್ಪೆ ಫಿಯೊರೆಲ್ಲಿ ಅದಕ್ಕೆ ಪ್ಲಾಸ್ಟರ್ ಸುರಿದು ಅವರ ಆಕಾರ ಹೊರಗೆ ತೆಗೆದ್ರು. ನೀವು ಜೇಡಿಮಣ್ಣಲ್ಲಿ ಒಂದು ಆಟಿಕೆ ಒತ್ತಿ ತೆಗೆದು, ಆ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರೀರಿ. ಕಲಸೋದು ನೀವೇ, ಗಟ್ಟಿಯಾಗ್ತಾ ಬಿಸಿಯಾಗುತ್ತೆ, ಮಗು ಕೈ ಹಾಕದ ಹಾಗೆ ನೋಡ್ಕೊಳ್ಳಿ. ಚೆನ್ನಾಗಿ ಒಣಗಿದ್ಮೇಲೆ ಮಣ್ಣು ಒಡೆಯೋ ಕೆಲಸ ಮಾತ್ರ ಪೂರ್ತಿ ಮಗುವಿಗೇ ಬಿಡಿ.