ಗಸಿ ಮಾಗುವ ತನಕ ಕಾಯಬೇಕು

ಕಾರ್ಬನ್ ಡೈಆಕ್ಸೈಡನ್ನು ಮೆಥನಾಲ್ ಮಾಡುವ ತಾಮ್ರದ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯನ್ನು ಬೇಗ ಮಾಡಿಸುವ ವಸ್ತು) ಮೇಲೆ ಕೆಲಸ ಶುರು ಮಾಡಿದಾಗ ನನ್ನ ಗಮನವೆಲ್ಲ ರಿಯಾಕ್ಟರ್ ಕಡೆಗಿತ್ತು. 50 ಬಾರ್ ಒತ್ತಡ, 250 ಡಿಗ್ರಿ ಶಾಖ, ಪಕ್ಕದಲ್ಲೇ ಹೈಡ್ರೋಜನ್ ಸಿಲಿಂಡರ್. ಕಷ್ಟವೆಲ್ಲ ಅಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಕ್ಯಾಟಲಿಸ್ಟ್ ತಯಾರಿಸುವುದು ಎರಡು ದ್ರಾವಣ ಬೆರೆಸಿ ಸೋಸುವ ಕೆಲಸ, ಒಂದು ದಿನದಲ್ಲಿ ಮುಗಿಯುತ್ತದೆ ಅನ್ನಿಸಿತ್ತು. ನಾಲ್ಕು ಬ್ಯಾಚ್ ಹಾಳಾದ ಮೇಲೆ ವಿಷಯ ಅರ್ಥವಾಯಿತು. ಒಳ್ಳೆಯ ಕ್ಯಾಟಲಿಸ್ಟ್ ಆಗುತ್ತದೋ ಇಲ್ಲವೋ ಅನ್ನುವುದು ಬೀಕರ್‌ನಲ್ಲೇ ತೀರ್ಮಾನವಾಗಿಬಿಡುತ್ತದೆ.

ಈ ಕ್ಯಾಟಲಿಸ್ಟ್ ಹೊಸದೇನಲ್ಲ. 1923ರಲ್ಲಿ ಬಿಎಎಸ್‌ಎಫ್ ಕಂಪನಿ ಸತು ಮತ್ತು ಕ್ರೋಮಿಯಂ ಆಕ್ಸೈಡ್ ಬಳಸಿ ಮೆಥನಾಲ್ ಮಾಡಿದಾಗ 300 ಡಿಗ್ರಿಗೂ ಜಾಸ್ತಿ ಶಾಖ, 250 ಬಾರ್‌ಗೂ ಜಾಸ್ತಿ ಒತ್ತಡ ಬೇಕಿತ್ತು. 1966ರಲ್ಲಿ ಐಸಿಐ ಕಂಪನಿ ತಾಮ್ರ, ಸತು, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಸೇರಿದ ಕ್ಯಾಟಲಿಸ್ಟ್ ತಂದ ಮೇಲೆ 50ರಿಂದ 100 ಬಾರ್ ಸಾಕಾಯಿತು. ಆ ಕಾರ್ಖಾನೆಗಳಿಗೆ ಹೋಗುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡೇ ಹೆಚ್ಚು. ಆದರೆ ವಿಕಿರಣ ಗುರುತು ಹಾಕಿದ ಕಾರ್ಬನ್ ಬಳಸಿ ನೋಡಿದಾಗ, ಮೆಥನಾಲಿನ ಕಾರ್ಬನ್ ಬಹುಪಾಲು ಬರುವುದು ಡೈಆಕ್ಸೈಡಿನಿಂದ ಎಂದು ತಿಳಿಯಿತು. ಇದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ನಾವು ಮಾಡಲು ಹೊರಟಿದ್ದನ್ನು ತಾಮ್ರ ಮೊದಲಿನಿಂದಲೂ ಮಾಡುತ್ತಲೇ ಇತ್ತು, ಅಲ್ವಾ?

ನಾನು ಹಿಡಿದ ಅಳತೆ ಇದು: ನೂರು ಲೋಹದ ಪರಮಾಣುಗಳಲ್ಲಿ ತಾಮ್ರ 60, ಸತು 30, ಅಲ್ಯೂಮಿನಿಯಂ 10. ಮೂರರ ನೈಟ್ರೇಟ್‌ಗಳನ್ನೂ ಒಟ್ಟಿಗೆ ನೀರಿನಲ್ಲಿ ಕರಗಿಸಿದೆ. ಇನ್ನೊಂದು ಕಡೆ ಸೋಡಿಯಂ ಕಾರ್ಬನೇಟ್ ದ್ರಾವಣ. ನಡುವೆ 65 ಡಿಗ್ರಿಯಲ್ಲಿ ಬಿಸಿ ನೀರಿರುವ ಬೀಕರ್. ಎರಡನ್ನೂ ಒಂದೇ ಸಮನೆ ತೊಟ್ಟು ತೊಟ್ಟಾಗಿ ಬಿಡುತ್ತಾ, ಪಿಎಚ್ 6.5ರಿಂದ 7ರ ನಡುವೆ ನಿಲ್ಲುವಂತೆ ನೋಡಿಕೊಳ್ಳಬೇಕು. ಮೊದಲ ಬ್ಯಾಚ್‌ನಲ್ಲಿ ಒಂದರ ಮೇಲೆ ಇನ್ನೊಂದನ್ನು ಸುರಿದಿದ್ದೆ. ಹಾಗೆ ಮಾಡಿದರೆ ಪಿಎಚ್ ಏರುತ್ತಾ ಹೋದಂತೆ ಒಂದೊಂದು ಲೋಹ ಒಂದೊಂದು ಹೊತ್ತಿಗೆ ಗಸಿಯಾಗಿ ಇಳಿಯುತ್ತದೆ. ತಾಮ್ರವೇ ಬೇರೆ, ಸತುವೇ ಬೇರೆ ಆಗಿ ಕೂರುತ್ತವೆ. ನಮಗೆ ಬೇಕಾದದ್ದು ಎರಡೂ ಒಂದೇ ಹರಳಿನೊಳಗೆ ಬೆರೆತಿರುವುದು.

ಮೊದಲು ಇಳಿಯುವ ಗಸಿ ತಿಳಿ ನೀಲಿ ಬಣ್ಣದ್ದು, ಲೋಳೆಯಂತಿರುತ್ತದೆ. ಅದಕ್ಕೆ ಇನ್ನೂ ಹರಳಿನ ರೂಪ ಬಂದಿರುವುದಿಲ್ಲ. ಅದೇ ನೀರಿನಲ್ಲಿ, ಅದೇ ಶಾಖದಲ್ಲಿ ಕಲಕುತ್ತಾ ಮಾಗಲು ಬಿಡಬೇಕು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಪಿಎಚ್ ತಾನಾಗಿ ಕೆಳಗಿಳಿದು, ಮತ್ತೆ ಮೇಲೇರುತ್ತದೆ. ಆ ಹೊತ್ತಿಗೇ ನೀಲಿ ಹೋಗಿ ಹಸಿರು ಬರುತ್ತದೆ. ಲೋಳೆ ಹೋಗಿ ಸಣ್ಣ ಪುಡಿಯಂತಾಗುತ್ತದೆ. ಅದು ಮ್ಯಾಲಕೈಟ್, ಅಂದರೆ ತಾಮ್ರದ ಹಸಿರು ಖನಿಜ. ಇಲ್ಲಿ ತಾಮ್ರದ ಕೆಲವು ಜಾಗಗಳಲ್ಲಿ ಸತು ಹೋಗಿ ಕೂತಿರುತ್ತದೆ. ಈ ಜೊತೆಯೇ ಮುಂದೆ ತಾಮ್ರದ ಕಣಗಳನ್ನು ಸಣ್ಣದಾಗಿ ಇಡುತ್ತದೆ, ಅವುಗಳ ನಡುವೆ ಜಿಂಕ್ ಆಕ್ಸೈಡ್ (ಸತುವಿನ ಆಕ್ಸೈಡ್) ಬರುವಂತೆ ಮಾಡುತ್ತದೆ.

ನನ್ನ ಎರಡನೇ ಬ್ಯಾಚ್ ಕೆಟ್ಟಿದ್ದು ಇಲ್ಲೇ. ಹೊತ್ತಾಯಿತೆಂದು ನೀಲಿ ಇರುವಾಗಲೇ ಸೋಸಿಬಿಟ್ಟೆ. ಸೋಸಲು ಮೂರು ಗಂಟೆ ಹಿಡಿಯಿತು, ಲೋಳೆ ಫಿಲ್ಟರ್ ಕಾಗದದ ಮೇಲೆ ಅಂಟಿಕೊಂಡು ಕೂತಿತ್ತು. ಈಗ ಪ್ರತಿ ನಿಮಿಷದ ಪಿಎಚ್ ಬರೆದಿಡುತ್ತೇನೆ. ಇಳಿದು ಏರಿದ ಮೇಲೂ ಅರ್ಧ ಗಂಟೆ ಬಿಡುತ್ತೇನೆ. ಗಡಿಯಾರಕ್ಕಿಂತ ಬಣ್ಣವನ್ನು ನಂಬಿ. ಪ್ರತಿ ಬ್ಯಾಚ್‌ಗೂ ಹಿಡಿಯುವ ಸಮಯ ಬೇರೆ.

ಮೂರನೆಯದು ನೋಡಲು ಚೆನ್ನಾಗಿಯೇ ಇತ್ತು. ಎಕ್ಸ್‌ಆರ್‌ಡಿಯಲ್ಲೂ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ಗುರುತಿಸುವ ಪರೀಕ್ಷೆ) ಮ್ಯಾಲಕೈಟ್ ಕಂಡಿತು. ಆದರೂ ರಿಯಾಕ್ಟರ್‌ನಲ್ಲಿ ಅರ್ಧ ಕೆಲಸವೂ ಮಾಡಲಿಲ್ಲ. ವಾರಗಟ್ಟಲೆ ಹುಡುಕಿದ ಮೇಲೆ ಸಿಕ್ಕ ಕಾರಣ ಸೋಡಿಯಂ. ಎರಡೇ ಸಲ ತೊಳೆದಿದ್ದೆ. ಗಸಿಯನ್ನು ಫರ್ನೇಸ್‌ನಲ್ಲಿ ಸುಡುವಾಗ, ಉಳಿದ ಸೋಡಿಯಂ ತಾಮ್ರದ ಆಕ್ಸೈಡ್ ಕಣಗಳನ್ನು ದಪ್ಪ ಮಾಡುತ್ತದೆ. ಕಣ ದಪ್ಪವಾದರೆ ಕೆಲಸ ಮಾಡುವ ಮೇಲ್ಮೈ ಕಡಿಮೆಯಾಗುತ್ತದೆ. ಈಗ ಗಸಿಯನ್ನು ಸುಮ್ನೆ ಫಿಲ್ಟರ್ ಮೇಲೆ ನೀರು ಸುರಿದು ತೊಳೆಯುವುದಿಲ್ಲ. ಪ್ರತಿ ಸಲವೂ ಬೀಕರ್‌ಗೆ ವಾಪಸ್ ಹಾಕಿ, ಶುದ್ಧ ನೀರಿನಲ್ಲಿ ಕಲಕಿ, ಮತ್ತೆ ಸೋಸುತ್ತೇನೆ. ಸೋಸಿದ ನೀರಿನ ವಿದ್ಯುತ್ ವಾಹಕತೆ ಇಳಿಯುವುದು ನಿಲ್ಲುವ ತನಕ ಹೀಗೇ. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ.

ಒಣಗಿಸಿ, ಫರ್ನೇಸ್‌ನಲ್ಲಿ 330 ಡಿಗ್ರಿಗೆ ನಿಧಾನವಾಗಿ ಏರಿಸಿ ಮೂರು ಗಂಟೆ ಸುಡುತ್ತೇನೆ. ಹಸಿರು ಪುಡಿ ಕಪ್ಪಾಗುತ್ತದೆ.

ನಾಲ್ಕನೇ ಬ್ಯಾಚನ್ನು ಕೆಡಿಸಿದ್ದು ನನ್ನ ಅವಸರ. ಕಪ್ಪು ಆಕ್ಸೈಡನ್ನು ರಿಯಾಕ್ಟರ್ ಒಳಗೆ ಹೈಡ್ರೋಜನ್ ಕೊಟ್ಟು ತಾಮ್ರ ಮಾಡಬೇಕು. ಇದರಲ್ಲಿ ಮೋಲ್‌ಗೆ ಸುಮಾರು 85 ಕಿಲೋಜೌಲ್ ಶಾಖ ಹೊರಬರುತ್ತದೆ. ನಾನು ಹೈಡ್ರೋಜನ್ ಜಾಸ್ತಿ ಬಿಟ್ಟು, ಶಾಖವನ್ನೂ ಬೇಗ ಏರಿಸಿದೆ. ಶಾಖ ಅಳೆಯುವ ಥರ್ಮೋಕಪಲ್‌ನ ಅಂಕಿ ಇದ್ದಕ್ಕಿದ್ದಂತೆ ಜಿಗಿಯಿತು. ಬಿಸಿ ಜಾಸ್ತಿಯಾದರೆ ತಾಮ್ರದ ಸಣ್ಣ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಈಗ 5 ಶೇಕಡಾ ಹೈಡ್ರೋಜನ್, ಉಳಿದದ್ದು ಆರ್ಗಾನ್, ನಿಮಿಷಕ್ಕೆ 1 ಡಿಗ್ರಿ ಏರಿಕೆ. ಕ್ಯಾಟಲಿಸ್ಟ್ ಜೊತೆ ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸಿದರೆ ಶಾಖ ಒಂದೇ ಕಡೆ ನಿಲ್ಲದೆ ಹರಡುತ್ತದೆ. ಕೆಲಸ ಮುಗಿದ ಮೇಲೆ ಇದನ್ನು ಒಮ್ಮೆಗೇ ಗಾಳಿಗೆ ತೆರೆಯಬೇಡಿ. ಹೀಗೆ ಆಮ್ಲಜನಕ ತೆಗೆದ ತಾಮ್ರದ ಪುಡಿ ಗಾಳಿಯಲ್ಲಿ ತಾನೇ ಕಾದು ಕೆಂಡವಾಗಬಹುದು. ತಣ್ಣಗಾದ ಮೇಲೆ 1 ಶೇಕಡಾ ಆಮ್ಲಜನಕ ಕೊಟ್ಟು ಮೊದಲು ಮೇಲ್ಪದರವನ್ನು ಶಾಂತ ಮಾಡಬೇಕು.

ಐದನೇ ಬ್ಯಾಚ್ ಕೆಲಸ ಮಾಡಿತು. ಆದರೆ ಅಂಕಿ ನೋಡುವುದರಲ್ಲೂ ಎಚ್ಚರ ಬೇಕು. ಶಾಖ ಏರಿಸಿದಷ್ಟೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಖರ್ಚಾಗುತ್ತಿತ್ತು. ಖುಷಿಪಟ್ಟೆ. ಆಮೇಲೆ ನೋಡಿದರೆ ಅದು ಕಾರ್ಬನ್ ಮಾನಾಕ್ಸೈಡ್ ಆಗುತ್ತಿತ್ತು. ಮೆಥನಾಲ್ ಆಗುವ ಕ್ರಿಯೆ ಶಾಖ ಬಿಡುತ್ತದೆ, ಮಾನಾಕ್ಸೈಡ್ ಆಗುವುದು ಶಾಖ ಹೀರುತ್ತದೆ. ಹಾಗಾಗಿ ಬಿಸಿ ಏರಿದಂತೆ ಎರಡನೆಯದರ ಕೈ ಮೇಲಾಗುತ್ತದೆ. ಎಷ್ಟು ಖರ್ಚಾಯಿತು ಅನ್ನುವುದರ ಜೊತೆಗೆ ಅದರಲ್ಲಿ ಮೆಥನಾಲ್ ಎಷ್ಟು ಅನ್ನುವುದನ್ನೂ ಹೇಳದ ಫಲಿತಾಂಶವನ್ನು ನಾನು ಈಗ ನಂಬುವುದಿಲ್ಲ.

ಇನ್ನೊಂದು ಮಾತು. ಒಳಗೆ ಹೋದ ಕಾರ್ಬನ್‌ಗೂ ಹೊರಗೆ ಬಂದ ಕಾರ್ಬನ್‌ಗೂ ಲೆಕ್ಕ ಕೂಡದಿದ್ದರೆ ಮೊದಲು ಪೈಪ್ ಮುಟ್ಟಿ ನೋಡಿ. ನನ್ನಲ್ಲಿ ರಿಯಾಕ್ಟರ್‌ಗೂ ಒತ್ತಡ ಹಿಡಿಯುವ ವಾಲ್ವ್‌ಗೂ ನಡುವಿನ ಒಂದು ಜೋಡಣೆಗೆ ಹೀಟಿಂಗ್ ಟೇಪ್ ಸುತ್ತಿರಲಿಲ್ಲ. ಆ ಒತ್ತಡದಲ್ಲಿ ಮೆಥನಾಲೂ ನೀರೂ ಅಲ್ಲೇ ದ್ರವವಾಗಿ ಕೂರುತ್ತಿದ್ದವು. ಅನಿಲದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ತಲುಪುತ್ತಲೇ ಇರಲಿಲ್ಲ.

ನನಗೆ ಈಗ ಉಳಿದಿರುವ ತಲೆನೋವು ನೀರು. ಪ್ರತಿ ಮೆಥನಾಲ್ ಅಣುವಿನ ಜೊತೆ ಒಂದು ನೀರಿನ ಅಣು ಹುಟ್ಟುತ್ತದೆ. ಅದು ದಿನ ಕಳೆದಂತೆ ತಾಮ್ರದ ಕಣಗಳನ್ನು ಬೆಳೆಸುತ್ತದೆ, ಜಿಂಕ್ ಆಕ್ಸೈಡನ್ನೂ ದಪ್ಪ ಮಾಡುತ್ತದೆ. ಅಲ್ಯೂಮಿನಾ ನೀರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಅಲ್ಯೂಮಿನಿಯಂ ಬದಲು ಜಿರ್ಕೋನಿಯಂ ಹಾಕಿ ಹೊಸ ಬ್ಯಾಚ್ ಮಾಡಿದ್ದೇನೆ. ಏಳು ಸಲ ತೊಳೆದು, ಇವತ್ತು ಬೆಳಿಗ್ಗೆ ಒಣಗಲು ಇಟ್ಟೆ.