ಹೊಯ್ಗೆ ಅಂಗಳದಲ್ಲಿ ಕುದುರೆಗೆ ಹುಲ್ಲು ಹಾಕಿ ಕಲಿತದ್ದು

ನಮ್ಮ ಚೇತು ಸುಮಾರು 350 ಕಿಲೋ ತೂಗುವ ಕುದುರೆ. ಮಲ್ಪೆ ಕಡಲ ತೀರದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಯುವುದು ಅದರ ಕೆಲಸ. ಮನೆಯೂ ಕಡಲಿಗೆ ಹತ್ತಿರ, ಅಂಗಳ ಪೂರ್ತಿ ಹೊಯ್ಗೆ, ಅಂದರೆ ಮರಳು. ಮೊದಲ ವರ್ಷ ಹುಲ್ಲನ್ನು ಆ ಹೊಯ್ಗೆಯ ಮೇಲೇ ಹರಡುತ್ತಿದ್ದೆ. ದನಕ್ಕೆ ಹಾಕಿ ಅಭ್ಯಾಸ ನೋಡಿ.

ಒಂದು ದಿನ ಚೇತು ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತಾ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಮಲಗುವುದು, ಏಳುವುದು, ಮತ್ತೆ ಮಲಗುವುದು. ಪಶುವೈದ್ಯರು ಬಂದು ಔಷಧಿ ಕೊಟ್ಟರು. ಆಮೇಲೆ ನೆಲಕ್ಕೆ ತಾಗದ ನಾಲ್ಕೈದು ಲದ್ದಿ ಉಂಡೆ ತೆಗೆದು, ಗಾಜಿನ ಬಾಟಲಿಯ ನೀರಿನಲ್ಲಿ ಕಲಸಿ ಇಡಲು ಹೇಳಿದರು. ಕಾಲು ಗಂಟೆಯಲ್ಲಿ ತಳದಲ್ಲಿ ಬೆರಳು ದಪ್ಪ ಹೊಯ್ಗೆ! ಹುಲ್ಲಿನ ಚೂರು ಹೆಕ್ಕುವಾಗ ಅದೂ ಹೊಟ್ಟೆಗೆ ಹೋಗಿ ಕರುಳಲ್ಲಿ ಕೂತಿತ್ತು. ಈಗಲೂ ತಿಂಗಳಿಗೊಮ್ಮೆ ಬಾಟಲಿ ಇಡುತ್ತೇನೆ. ತಳದಲ್ಲಿ ಕಾಣದಿದ್ದರೆ ಹೊಟ್ಟೆಯಲ್ಲೂ ಇಲ್ಲ ಅಂತ ಮಾತ್ರ ತಿಳಿಯಬೇಡಿ.

ನೆಲ ಬೇಡ ಅಂತ ಬಲೆಯಲ್ಲಿ ತುಂಬಿ ನೇತು ಹಾಕಿದೆ. ಮಲ್ಪೆಯಲ್ಲಿ ಹಳೇ ಬಲೆಗೆ ಬರವೇ? ತುಂಬಿದಾಗ ಎದೆಯೆತ್ತರಕ್ಕಿದ್ದದ್ದು ಖಾಲಿಯಾಗುತ್ತಾ ಮೊಣಕಾಲಿಗೆ ಇಳಿಯಿತು, ಚೇತು ಗೊರಸು ಸಿಕ್ಕಿಸಿಕೊಂಡಿತು. ನೈಲಾನ್, ಹರಿಯುವುದೂ ಇಲ್ಲ. ಮೀನು ಕೊಯ್ಯುವ ಕತ್ತಿ ತಂದು ಬಿಡಿಸಿದೆ. ಬಲೆಯ ಸಹವಾಸ ಅಲ್ಲಿಗೆ ಸಾಕಾಯಿತು. ಈಗ ರಬ್ಬರ್ ಮ್ಯಾಟ್ ಮೇಲೆ ಅಗಲವಾದ ಮರದ ಗೋದಲಿ. ಮ್ಯಾಟನ್ನು ದಿನಾ ಗುಡಿಸಬೇಕು, ಅಷ್ಟೇ.

ದುಡ್ಡು ಉಳಿದದ್ದು ತಕ್ಕಡಿಯಿಂದ. ದಿನಕ್ಕೆ ಮೈತೂಕದ ನೂರಕ್ಕೆ ಎರಡರಷ್ಟು ಒಣಮೇವು, ಅಂದರೆ ಚೇತುಗೆ 7 ಕಿಲೋ. ಅದನ್ನು ನಾಲ್ಕು ಸಲ ಹಂಚಿ ಹಾಕುತ್ತೇನೆ. ಕುದುರೆಯ ಹೊಟ್ಟೆ ತುಂಬಾ ಹೊತ್ತು ಖಾಲಿ ಇರಬಾರದು. ಮೊದಲು ಕೈಯಂದಾಜಿನಲ್ಲಿ 10 ಕಿಲೋ ಹಾಕಿ, 3 ಕಿಲೋ ಸುಮ್ನೆ ಕಾಲಡಿಗೆ ಹೋಗುತ್ತಿತ್ತು. ನಾನು ಕಟ್ಟು ತೂಗುವುದನ್ನು ನೋಡಿ ಲಾರಿಯವ, "ಎಂತ ಮಾರಾಯ್ರೆ, ಹುಲ್ಲಾ ಬಂಗಾರವಾ?" ಅಂತ ನಗಾಡಿದ. ಮಳೆಗಾಲದ ರೇಟು ಹೇಳುವಾಗ ಬಂಗಾರದಂಗಡಿಯವನ ಹಾಗೆ ಮಾತಾಡುವವನೂ ಅವನೇ!

ಹಾಗಾಗಿ ಜನವರಿಯಲ್ಲೇ ತೆಗೆದಿಡುತ್ತೇನೆ. ಬೈಹುಲ್ಲು ಅಗ್ಗ ನಿಜ. ಆದರೆ ಕುದುರೆ ದನದ ಹಾಗೆ ಮೆಲುಕು ಹಾಕುವುದಿಲ್ಲ, ಬರೀ ಬೈಹುಲ್ಲು ಜಾಸ್ತಿಯಾದರೆ ಕರುಳಲ್ಲಿ ಗಟ್ಟಿ ಕಟ್ಟಬಹುದು. ಅದು ಕಾಲು ಪಾಲು ಮಾತ್ರ, ಉಳಿದದ್ದು ಒಣಗಿಸಿದ ಹುಲ್ಲು. ಪಕ್ಕದ ಮನೆಯ ನೇಪಿಯರ್ ಹುಲ್ಲು ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಹಾಕುವುದೂ ಬೇಡ. ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಮೇವಿನ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡಿ ಎಲುಬು ಕೆಡಿಸುತ್ತದೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಸ್ವಲ್ಪ ಸೇರಿಸುತ್ತೇನೆ, ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ.

ಕಟ್ಟುಗಳನ್ನು ಅಡಿಕೆ ದಬ್ಬೆಯ ಮೇಲೆ, ಗೋಡೆಗೆ ತಾಗದ ಹಾಗೆ ಪೇರಿಸಿಡುತ್ತೇನೆ. ಟಾರ್ಪಾಲಿನಲ್ಲಿ ಬಿಗಿದರೆ ಒಳಗೇ ಬೆವರುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಪ್ರತಿ ಕಟ್ಟನ್ನೂ ಬಿಚ್ಚಿ ಮೂಸಿ ನೋಡುತ್ತೇನೆ. ಬರೀ ಧೂಳಿದ್ದರೆ ಹತ್ತು ನಿಮಿಷ ನೀರಲ್ಲಿ ಅದ್ದಿ ಹಾಕುತ್ತೇನೆ. ಬೂಷ್ಟು ವಾಸನೆ ಬಂದರೆ ಇಡೀ ಕಟ್ಟು ತೆಂಗಿನ ಬುಡಕ್ಕೆ. "ದನಕ್ಕಾದರೂ ಹಾಕಬಹುದಲ್ವಾ?" ಅಂತ ಅಮ್ಮ ಕೇಳುತ್ತಾರೆ. ದನಕ್ಕೂ ಬೇಡ. ಈ ಸಲ ತೆಂಗಿಗೆ ಸಿಕ್ಕಿದ್ದು ಮೂರೇ ಕಟ್ಟು.